ಹಳೆಯ ಬಣ್ಣದ ಮೇಲೆ ಪ್ರೈಮರ್: ಮಾದರಿ ರಾಕೆಟ್‌ಗೆ ಮರುಬಣ್ಣ ಹೊಡೆಯುವ ಮುನ್ನ

ಪ್ರಶ್ನೆ: ಹತ್ತು ವರ್ಷಗಳ ಹಿಂದೆ ಕಟ್ಟಿದ ಮಾದರಿ ರಾಕೆಟ್ ಒಂದನ್ನು ಮತ್ತೆ ಹಾರಿಸಬೇಕೆಂದಿದ್ದೇನೆ. ಕಾಗದದ ಕೊಳವೆ, ಬಾಲ್ಸಾ ಮರದ ರೆಕ್ಕೆಗಳು, ಮೂತಿಗೆ ಪ್ಲಾಸ್ಟಿಕ್ ನೋಸ್ ಕೋನ್. ಆಗ ಸ್ಪ್ರೇ ಡಬ್ಬಿಯಿಂದ ಹೊಳಪಿನ ಕೆಂಪು ಬಣ್ಣ ಹೊಡೆದಿದ್ದೆ. ಅದು ಯಾವ ಬಗೆಯ ಬಣ್ಣವೆಂಬುದು ನೆನಪಿಲ್ಲ. ಎರಡು ಕಡೆ ಚಕ್ಕೆ ಎದ್ದಿದೆ, ಒಂದು ರೆಕ್ಕೆಯ ತುದಿ ಸವೆದು ಮರ ಕಾಣುತ್ತಿದೆ. ಈಗ ಬಿಳಿ, ಕಪ್ಪು ಬಣ್ಣ ಕೊಡುವ ಆಸೆ. ಹಳೆಯ ಬಣ್ಣದ ಮೇಲೆಯೇ ಪ್ರೈಮರ್ ಹೊಡೆಯಬಹುದೇ, ಅಥವಾ ಎಲ್ಲವನ್ನೂ ಉಜ್ಜಿ ತೆಗೆಯಬೇಕೇ? ಹಳೆಯ ಬಣ್ಣವೇ ಪ್ರೈಮರ್ ಇದ್ದಂತೆ, ಮತ್ತೆ ಬೇಡ ಎನ್ನುತ್ತಾರೆ ಗೆಳೆಯರೊಬ್ಬರು. ಹಿಂದೊಮ್ಮೆ ಬೇರೊಂದು ರಾಕೆಟ್‌ಗೆ ಮರುಬಣ್ಣ ಹೊಡೆದಾಗ ಮೈಯೆಲ್ಲ ಸುಕ್ಕುಗಟ್ಟಿತ್ತು, ಹಾಗಾಗಿ ಭಯ.

ಉತ್ತರ: ನಿಮ್ಮ ಗೆಳೆಯರ ಮಾತು ಅರ್ಧ ನಿಜ. ಗಟ್ಟಿಯಾಗಿ ಕಚ್ಚಿಕೊಂಡಿರುವ ಹಳೆಯ ಬಣ್ಣ ಹೊಸ ಬಣ್ಣಕ್ಕೆ ಒಳ್ಳೆಯ ತಳವೇ. ಅದನ್ನು ಬುಡಸಮೇತ ಕಿತ್ತು ಹಾಕಬೇಕಿಲ್ಲ. ಕಾಗದದ ಕೊಳವೆಯ ಮೇಲಂತೂ ಹಾಗೆ ಮಾಡಲೇಬಾರದು. ನಿಮ್ಮ ರಾಕೆಟ್‌ನಲ್ಲಿ ಸಡಿಲವಾದ ಬಣ್ಣವನ್ನು ಮಾತ್ರ ತೆಗೆಯಿರಿ. ಮರ ಅಥವಾ ಕಾಗದ ಕಾಣುವ ಕಡೆ ಪ್ರೈಮರ್ ಬೇಕೇ ಬೇಕು. ಉಳಿದ ಕಡೆ, ಕೆಂಪಿನ ಮೇಲೆ ಬಿಳಿ ಬರಬೇಕಾಗಿರುವುದರಿಂದ, ಒಂದು ತೆಳು ಕೈ ಸಾಕು. ಆದರೆ ಡಬ್ಬಿ ಎತ್ತಿಕೊಳ್ಳುವ ಮೊದಲು ಹಳೆಯ ಬಣ್ಣವನ್ನು ಸರಿಯಾಗಿ ವಿಚಾರಿಸಿಕೊಳ್ಳಬೇಕು. ಅದು ತನ್ನ ಕೆಳಗಿನದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ? ಅದು ಯಾವ ಬಗೆಯ ಬಣ್ಣ? ಈ ಎರಡು ಗೊತ್ತಾದರೆ ಮುಂದಿನದೆಲ್ಲ ತಾಳ್ಮೆಯ ಕೆಲಸ.

ಬಹಳ ಮಂದಿ ಪ್ರೈಮರ್ ಅನ್ನು ಅಂಟು ಎಂದುಕೊಂಡಿದ್ದಾರೆ. ಹಳೆಯ ಬಣ್ಣ ಅಲ್ಲಲ್ಲಿ ಏಳುತ್ತಿದ್ದರೂ ಮೇಲೊಂದು ಕೈ ಪ್ರೈಮರ್ ಹೊಡೆದರೆ ಅದು ಎಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ ಎಂಬ ನಂಬಿಕೆ. ಆಗುವುದು ಇದರ ತಿರುವುಮುರುವು. ಪ್ರೈಮರ್ ಹಿಡಿಯುವುದು ತನ್ನ ಕೆಳಗಿರುವ ಪದರವನ್ನು ಮಾತ್ರ. ಆ ಪದರವೇ ಕಾಗದವನ್ನು ಬಿಟ್ಟಿದ್ದರೆ ಪ್ರೈಮರ್, ಹೊಸ ಬಣ್ಣ ಎಲ್ಲವೂ ಒಂದೇ ಚಕ್ಕೆಯಾಗಿ ಕಳಚಿ ಬರುತ್ತವೆ. ಮೇಲಾಗಿ, ಹೊಸ ಪದರ ಒಣಗುವಾಗ ಕುಗ್ಗುತ್ತದೆ, ಕುಗ್ಗುವಾಗ ಕೆಳಗಿನದನ್ನು ಎಳೆಯುತ್ತದೆ. ಅರೆ ಸಡಿಲವಾಗಿದ್ದ ಬಣ್ಣ ಆ ಎಳೆತಕ್ಕೇ ಪೂರ್ತಿ ಬಿಡುವುದುಂಟು.

ಹಿಡಿತ ಪರೀಕ್ಷಿಸಲು ಬಣ್ಣದ ಉದ್ಯಮದಲ್ಲಿ ಐಎಸ್‌ಒ 2409 ಎಂಬ ಅಡ್ಡಗೀರಿನ ಪರೀಕ್ಷೆ ಇದೆ. ಅದರ ಸರಳ ರೂಪವನ್ನು ಮನೆಯಲ್ಲೇ ಮಾಡಬಹುದು. ಕೊಳವೆಯ ಬುಡದ ಹತ್ತಿರ, ಕಣ್ಣಿಗೆ ಬೀಳದ ಕಡೆ, ಹರಿತವಾದ ಬ್ಲೇಡಿನಿಂದ 2 ಮಿ.ಮೀ. ಅಂತರದಲ್ಲಿ ಆರು ಗೀರು ಉದ್ದಕ್ಕೆ, ಆರು ಗೀರು ಅಡ್ಡಕ್ಕೆ ಹಾಕಿ. 25 ಪುಟ್ಟ ಚೌಕಗಳಾಗುತ್ತವೆ. ಬ್ಲೇಡು ಬಣ್ಣವನ್ನು ಮಾತ್ರ ಕತ್ತರಿಸಬೇಕು, ಕಾಗದಕ್ಕೆ ಇಳಿಯಬಾರದು. ಇದಕ್ಕೆ ಕೈ ಹಗುರವಾಗಿರಬೇಕು. ಮೇಲೆ ಅಂಟುಪಟ್ಟಿ ಹಚ್ಚಿ, ಉಗುರಿನಿಂದ ಒತ್ತಿ, ಒಂದೇ ಸಲಕ್ಕೆ ಎಳೆಯಿರಿ. ಚೌಕಗಳೆಲ್ಲ ಉಳಿದರೆ, ಅಥವಾ ಗೀರಿನ ಅಂಚಿನಲ್ಲಿ ಪುಡಿ ಮಾತ್ರ ಉದುರಿದರೆ, ಆ ಬಣ್ಣವನ್ನು ಧೈರ್ಯವಾಗಿ ನಂಬಬಹುದು. ನಾಲ್ಕೈದು ಚೌಕಗಳು ಪಟ್ಟಿಯ ಜೊತೆ ಎದ್ದು ಬಂದರೆ ಆ ಭಾಗದ ಬಣ್ಣ ಹೋಗಬೇಕಾದದ್ದೇ. ಕೊಳವೆ, ರೆಕ್ಕೆ, ನೋಸ್ ಕೋನ್ ಮೂರರಲ್ಲೂ ಬೇರೆಬೇರೆಯಾಗಿ ಮಾಡಿ. ಒಂದೇ ಡಬ್ಬಿಯ ಬಣ್ಣವಾದರೂ ಮರದ ಮೇಲಿನ ಹಿಡಿತವೇ ಬೇರೆ, ಪ್ಲಾಸ್ಟಿಕ್ ಮೇಲಿನದೇ ಬೇರೆ. ನನ್ನ ಅನುಭವದಲ್ಲಿ ಮೊದಲು ಕೈಕೊಡುವುದು ನೋಸ್ ಕೋನ್.

ಇನ್ನು ನಿಮ್ಮನ್ನು ಕಾಡಿದ ಸುಕ್ಕಿನ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದರೆ ಭಯ ತಾನಾಗಿ ಹೋಗುತ್ತದೆ.

ಸ್ಪ್ರೇ ಡಬ್ಬಿಯ ಬಣ್ಣಗಳಲ್ಲಿ ಹೆಚ್ಚಾಗಿ ಸಿಗುವುದು ಎನಾಮಲ್ ಮತ್ತು ಲ್ಯಾಕರ್. ಲ್ಯಾಕರ್ ಒಣಗುವುದು ಬರೀ ದ್ರಾವಕ ಆರಿಹೋಗುವುದರಿಂದ. ಎಷ್ಟು ವರ್ಷವಾದರೂ ಅದೇ ದ್ರಾವಕ ತಾಗಿದರೆ ಮತ್ತೆ ಕರಗುತ್ತದೆ. ಎನಾಮಲ್ ಹಾಗಲ್ಲ. ಮೊದಲು ದ್ರಾವಕ ಆರುತ್ತದೆ, ಆಮೇಲೆ ಗಾಳಿಯ ಆಮ್ಲಜನಕ ಸೇರಿಕೊಂಡು ರಾಳ ನಿಧಾನವಾಗಿ ಹೆಣೆದುಕೊಳ್ಳುತ್ತದೆ. ಮುಟ್ಟಿದರೆ ಕೈಗೆ ಹತ್ತದಿದ್ದರೂ ಒಳಗಿನ ಹೆಣಿಗೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಡೆಯುತ್ತಲೇ ಇರುತ್ತದೆ. ಹೀಗೆ ಅರೆ ಹೆಣೆದ ಎನಾಮಲ್ ಮೇಲೆ ಲ್ಯಾಕರ್‌ನ ತೀಕ್ಷ್ಣ ದ್ರಾವಕ ಬಿದ್ದರೆ ಪದರ ಅದನ್ನು ಹೀರಿ ಉಬ್ಬುತ್ತದೆ. ಉಬ್ಬಿದ ಪದರಕ್ಕೆ ಅಗಲವಾಗಲು ಜಾಗವಿಲ್ಲ. ತಳವನ್ನು ಬಿಟ್ಟು ಮೇಲಕ್ಕೆ ಮಡಚಿಕೊಳ್ಳುತ್ತದೆ. ನೀವು ಕಂಡ ಸುಕ್ಕು ಬಹುಶಃ ಇದೇ. ಹಲವು ಎನಾಮಲ್ ಡಬ್ಬಿಗಳ ಮೇಲೆ ಎರಡನೆಯ ಕೈಯನ್ನು ಒಂದು ಗಂಟೆಯೊಳಗೆ ಹೊಡೆಯಿರಿ, ಇಲ್ಲವಾದರೆ 24 ಅಥವಾ 48 ಗಂಟೆ ಬಿಟ್ಟು ಹೊಡೆಯಿರಿ ಎಂದು ಬರೆದಿರುವುದೂ ಇದೇ ಕಾರಣಕ್ಕೆ. ನಡುವಿನ ಹೊತ್ತು ಅಪಾಯದ್ದು.

ಹತ್ತು ವರ್ಷ ಹಳೆಯ ಎನಾಮಲ್ ಈ ಗಂಡವನ್ನು ದಾಟಿರುತ್ತದೆ. ಆದರೂ ತೀಕ್ಷ್ಣ ದ್ರಾವಕದ ಪ್ರೈಮರ್ ಅನ್ನು ದಪ್ಪಗೆ ಒದ್ದೆಯಾಗುವಂತೆ ಹೊಡೆದರೆ ಅದೂ ಏಳಬಹುದು. ಅದರಲ್ಲೂ ಉಜ್ಜಿ ತೆಳುವಾಗಿಸಿದ ಅಂಚುಗಳಲ್ಲಿ, ದ್ರಾವಕ ಪಕ್ಕದಿಂದ ಒಳಗೆ ನುಗ್ಗುವುದರಿಂದ, ಸುಕ್ಕು ಮೊದಲು ಅಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಬಗೆ ತಿಳಿಯಲು, ಹತ್ತಿ ಸುತ್ತಿದ ಕಡ್ಡಿಯನ್ನು ಲ್ಯಾಕರ್ ತಿನ್ನರ್‌ನಲ್ಲಿ ಅದ್ದಿ, ಗೀರು ಹಾಕಿದ ಜಾಗದ ಪಕ್ಕದಲ್ಲೇ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಕರಗಿ ಹತ್ತಿಗೆ ಧಾರಾಳವಾಗಿ ಹತ್ತಿದರೆ ಲ್ಯಾಕರ್. ಕರಗದೆ ಮೆತ್ತಗಾಗಿ ಉಬ್ಬಿದರೆ ಅಥವಾ ಸುಕ್ಕಾದರೆ ಎನಾಮಲ್. ಏನೂ ಆಗದಿದ್ದರೆ ಪೂರ್ತಿ ಗಟ್ಟಿಯಾದ ಎನಾಮಲ್ ಅಥವಾ ಎರಡು ಭಾಗ ಬೆರೆಸಿ ಹೊಡೆಯುವ ಬಣ್ಣ, ಅದರ ಮೇಲೆ ಏನನ್ನು ಹೊಡೆದರೂ ತಡೆದುಕೊಳ್ಳುತ್ತದೆ. ನೋಸ್ ಕೋನ್ ಮೇಲೆ ಮಾತ್ರ ಈ ಪರೀಕ್ಷೆ ಬೇಡ. ಪಾಲಿಸ್ಟೈರೀನ್ ಆಗಿದ್ದರೆ ತಿನ್ನರ್ ಬಣ್ಣವನ್ನು ದಾಟಿ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಇಷ್ಟಾದ ಮೇಲೂ ನಾನು ಕೊನೆಗೆ ನಂಬುವುದು ಒಂದನ್ನೇ. ಹೊಡೆಯಬೇಕೆಂದಿರುವ ಅದೇ ಪ್ರೈಮರ್ ಅನ್ನು ಒಂದು ರೆಕ್ಕೆಯ ಒಳಮೂಲೆಗೆ ಉಗುರಿನಗಲ ಹೊಡೆದು, ಒಂದು ದಿನ ಸುಮ್ಮನೆ ಬಿಡುವುದು. ಮರುದಿನ ನಯವಾಗಿದ್ದು ಉಗುರಿಗೆ ಏಳದಿದ್ದರೆ ಮುಂದುವರಿಯಬಹುದು. ಒಂದು ದಿನದ ಈ ಕಾಯುವಿಕೆಯನ್ನು ಉಳಿಸಲು ಹೋಗಿ ಮೂರು ವಾರದ ಕೆಲಸ ಕೆಡಿಸಿಕೊಂಡವರನ್ನು ಕಂಡಿದ್ದೇನೆ, ನಾನೂ ಕೆಡಿಸಿಕೊಂಡಿದ್ದೇನೆ. ಕಡುನೀಲಿ ಎನಾಮಲ್ ಹೊಡೆದು ಐದನೆಯ ದಿನಕ್ಕೆ, ಒಣಗಿತೆಂದು ನಂಬಿ, ಲ್ಯಾಕರ್ ಪ್ರೈಮರ್ ಹೊಡೆದೆ. ಹತ್ತು ನಿಮಿಷದಲ್ಲಿ ಕೊಳವೆ ತೊಗಟೆಯಂತಾಯಿತು. ಡಬ್ಬಿಯ ತಪ್ಪಲ್ಲ, ಬಣ್ಣದ ತಪ್ಪಲ್ಲ. ಮೂಸಿ ನೋಡಿದ್ದರೂ ತಿಳಿಯುತ್ತಿತ್ತು: ದ್ರಾವಕದ ವಾಸನೆ ಇರುವವರೆಗೆ ಬಣ್ಣ ಒಣಗಿಲ್ಲ.

ಈಗ ಕೆಲಸಕ್ಕೆ ಬರೋಣ. ಉಜ್ಜುವುದಕ್ಕಿಂತ ಮೊದಲು ತೊಳೆಯಬೇಕು, ಈ ಅನುಕ್ರಮವನ್ನು ತಪ್ಪಿಸಬೇಡಿ. ಹಾರಿದ ರಾಕೆಟ್‌ನ ಬಾಲದಲ್ಲಿ, ರೆಕ್ಕೆಗಳ ಬುಡದಲ್ಲಿ, ಮೋಟಾರ್‌ನಲ್ಲಿ ಉರಿದ ಕರಿಮದ್ದಿನ ಮಸಿ ಕೂತಿರುತ್ತದೆ. ಅದರಲ್ಲಿ ಪೊಟ್ಯಾಸಿಯಂ ಲವಣಗಳಿದ್ದು ಅವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಮೈಮೇಲೆ ಬೆರಳಿನ ಜಿಡ್ಡು ಇರುತ್ತದೆ, ಹಿಂದೆ ಮೇಣದ ಪಾಲಿಶ್ ಹಚ್ಚಿದ್ದರೆ ಅದೂ ಇರುತ್ತದೆ. ಇದನ್ನೆಲ್ಲ ಹಾಗೆಯೇ ಬಿಟ್ಟು ಉಪ್ಪುಕಾಗದ ಹಿಡಿದರೆ ಜಿಡ್ಡು ಗೀರುಗಳ ಒಳಗೆ ತುಂಬಿಕೊಳ್ಳುತ್ತದೆ. ಆಮೇಲೆ ಎಷ್ಟು ಒರೆಸಿದರೂ ಬರುವುದಿಲ್ಲ, ಪ್ರೈಮರ್ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಂಡಗೆ ಸರಿದು ಕುಳಿ ಬೀಳುತ್ತದೆ. ಪಾತ್ರೆ ತೊಳೆಯುವ ಸಾಬೂನಿನ ಎರಡು ಹನಿ ಹಾಕಿದ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ರಾಕೆಟ್ಟನ್ನು ನಲ್ಲಿಯ ಕೆಳಗೆ ಹಿಡಿಯುವಂತಿಲ್ಲ. ಕೊಳವೆಯ ತುದಿಗಳಲ್ಲಿ ಕಾಗದ ತೆರೆದಿರುತ್ತದೆ, ನೀರು ಅಲ್ಲಿ ಹೊಕ್ಕರೆ ಪದರಗಳು ಬಿಚ್ಚಿ ಊದುತ್ತವೆ.

ಅಂಟಿಸಿದ ಚಿತ್ರಗಳಿದ್ದರೆ ಅವೂ ಈಗಲೇ ಹೋಗಬೇಕು. ನೀರಿನಲ್ಲಿ ಜಾರಿಸಿ ಅಂಟಿಸಿದವಾದರೆ ಒದ್ದೆ ಬಟ್ಟೆ ಹತ್ತು ನಿಮಿಷ ಇಟ್ಟು ಅಂಟುಪಟ್ಟಿಯಿಂದ ಎತ್ತಿ. ಹಿಂದೆ ಅಂಟಿರುವ ಸ್ಟಿಕ್ಕರ್ ಆದರೆ ಕೂದಲು ಒಣಗಿಸುವ ಯಂತ್ರದ ಬೆಚ್ಚನೆ ಗಾಳಿ ಸಾಕು. ಅವುಗಳ ಅಂಚು ಕೂದಲೆಳೆಯಷ್ಟು ತೆಳುವಾಗಿದ್ದರೂ ಹೊಸ ಹೊಳಪಿನ ಅಡಿಯಲ್ಲಿ ಗೆರೆಯಾಗಿ ಎದ್ದು ಕಾಣುತ್ತದೆ.

ಉಜ್ಜುವುದು. ಚಕ್ಕೆ ಎದ್ದ ಎರಡು ಕಡೆ 220ರ ಉಪ್ಪುಕಾಗದದಿಂದ (ಅಂಕಿ ಹೆಚ್ಚಿದಷ್ಟೂ ಕಾಗದ ನಯ) ಆರಂಭಿಸಿ, ಸಡಿಲ ಬಣ್ಣ ಪೂರ್ತಿ ಹೋಗುವವರೆಗೆ ಉಜ್ಜಿ. ಬಳಿಕ 320ರಿಂದ ಅಂಚನ್ನು ಇಳಿಜಾರು ಮಾಡುತ್ತಾ ಬನ್ನಿ. ಕಣ್ಣನ್ನು ನಂಬಬೇಡಿ, ಕಣ್ಣು ಮುಚ್ಚಿ ಬೆರಳ ತುದಿ ಆಡಿಸಿ. ಬೆರಳಿಗೆ ಮೆಟ್ಟಿಲು ಸಿಕ್ಕರೆ ಇನ್ನೂ ಮುಗಿದಿಲ್ಲ. ಉಳಿದ ಮೈಯನ್ನೆಲ್ಲ 400ರಿಂದ ಹೊಳಪು ಸಾಯುವಷ್ಟು ಮಾತ್ರ ಉಜ್ಜಿದರೆ ಸಾಕು. ಹೊಳಪು ಉಳಿದ ಜಾಗ ಎಂದರೆ ಪ್ರೈಮರ್‌ಗೆ ಹಿಡಿಯಲು ಏನೂ ಸಿಗದ ಜಾಗ. ರೆಕ್ಕೆ ಕೊಳವೆಗೆ ಸೇರುವ ಮೂಲೆ ಯಾವಾಗಲೂ ಉಳಿದುಹೋಗುತ್ತದೆ. ಉಪ್ಪುಕಾಗದವನ್ನು ಪೆನ್ಸಿಲಿಗೆ ಸುತ್ತಿ ಆ ಮೂಲೆಯಲ್ಲಿ ಎಳೆಯಿರಿ.

ಎಲ್ಲ ಬಣ್ಣವನ್ನೂ ತೆಗೆಯಬೇಡಿ ಎಂದು ನಾನು ಒತ್ತಿ ಹೇಳಿದ್ದಕ್ಕೆ ಕಾರಣ ಕೊಳವೆಯ ರಚನೆ. ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ ಮಾಡಿದ ಈ ಕೊಳವೆಯ ಹೊರಮೈಗೆ ಸಾಮಾನ್ಯವಾಗಿ ನಯವಾದ ಗ್ಲಾಸಿನ್ ಕಾಗದದ ತೆಳು ಪದರ ಇರುತ್ತದೆ. ಅದು ಒಮ್ಮೆ ಹರಿದರೆ ಕೆಳಗಿನ ಕಂದು ಕಾಗದ ನವಿರಾಗಿ ರೋಮ ಏಳುತ್ತದೆ, ಆಮೇಲೆ ಉಜ್ಜಿದಷ್ಟೂ ಹಾಳು. ಬಣ್ಣ ಕರಗಿಸುವ ರಾಸಾಯನಿಕವಂತೂ ಅಂಟನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ, ರಾಕೆಟ್‌ನ ಹತ್ತಿರ ತರಬೇಡಿ. ಎಲ್ಲಾದರೂ ರೋಮ ಎದ್ದರೆ ತೆಳು ಸೂಪರ್‌ಗ್ಲೂ ಒಂದೆರಡು ಹನಿ ಇಳಿಸಿ, ಗಟ್ಟಿಯಾದ ಮೇಲೆ 320ರಿಂದ ಸವರಿ.

ಸವೆದ ರೆಕ್ಕೆಯ ತುದಿಗೂ ಇದೇ ಉಪಾಯ. ಬಾಲ್ಸಾ ಎಂದರೆ ಸಣ್ಣ ಕೊಳವೆಗಳ ಕಟ್ಟು. ತುದಿಯಲ್ಲಿ ಆ ಕೊಳವೆಗಳ ಬಾಯಿ ತೆರೆದಿದ್ದು ಪ್ರೈಮರ್ ಅನ್ನು ಸ್ಪಂಜಿನಂತೆ ಕುಡಿಯುತ್ತದೆ, ಹೊಡೆದಷ್ಟೂ ಒರಟಾಗಿಯೇ ಕಾಣುತ್ತದೆ. ಮೊದಲು ಸೂಪರ್‌ಗ್ಲೂ ಕುಡಿಸಿ, ಮೇಲೆ ಮರದ ಹಗುರ ಪುಟ್ಟಿಯನ್ನು ನೀರಾಗಿಸಿ ಹಚ್ಚಿ, ಒಣಗಿದ ಮೇಲೆ ಆಕಾರಕ್ಕೆ ಉಜ್ಜಿ. ರೆಕ್ಕೆಯ ಬುಡದಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದೂ ಈಗಲೇ ಬಾಗಿಸಿ ನೋಡಿ. ಬಿರುಕಿನ ಮೇಲೆ ಬಣ್ಣ ಹೊಡೆದರೆ ಅದು ಮರೆಯಾಗುತ್ತದೆ, ವಾಸಿಯಾಗುವುದಿಲ್ಲ, ಮುಂದೆ ಆಕಾಶದಲ್ಲಿ ತಿಳಿಯುತ್ತದೆ.

ಪ್ರೈಮರ್ ಯಾವುದು? ನಿಮ್ಮ ಹಳೆಯ ಬಣ್ಣ ಎನಾಮಲ್ ಎಂದು ಕಂಡರೆ ಎನಾಮಲ್ ಪ್ರೈಮರ್ ಅಥವಾ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಪ್ರೈಮರ್ ಹಿಡಿಯಿರಿ. ಎನಾಮಲ್ ಮೇಲೆ ಲ್ಯಾಕರ್ ಬೇಡ, ಲ್ಯಾಕರ್ ಮೇಲೆ ಎನಾಮಲ್ ಪರವಾಗಿಲ್ಲ, ಇಷ್ಟು ನೆನಪಿದ್ದರೆ ಬಹುಪಾಲು ಅನಾಹುತ ತಪ್ಪುತ್ತದೆ. ಬಗೆ ತಿಳಿಯದೇ ಹೋದರೆ ನಡುವೆ ಒಂದು ತಡೆಗೋಡೆ ಹಾಕಬಹುದು. ಮೇಣ ತೆಗೆದ ಅರಗಿನ (ಶೆಲಾಕ್) ಸೀಲರ್ ಇದಕ್ಕೆ ಒಳ್ಳೆಯದು. ಅದರ ದ್ರಾವಕ ಸ್ಪಿರಿಟ್ ಆದ್ದರಿಂದ ಗಟ್ಟಿಯಾದ ಎನಾಮಲ್ಲನ್ನು ಕೆಣಕುವುದಿಲ್ಲ, ಮೇಲೆ ಬರುವುದನ್ನೂ ಚೆನ್ನಾಗಿ ಹಿಡಿಯುತ್ತದೆ. ನಿಮ್ಮ ವಿಷಯದಲ್ಲಿ ಅದಕ್ಕೆ ಇನ್ನೊಂದು ಉಪಯೋಗವೂ ಇದೆ. ಕೆಲವು ಕೆಂಪು ಬಣ್ಣಗಳ ವರ್ಣದ್ರವ್ಯ ಹೊಸ ಬಣ್ಣದ ದ್ರಾವಕದಲ್ಲಿ ಕರಗಿ ಮೇಲಕ್ಕೆ ಒಸರುತ್ತದೆ, ಹಾಲಿನಂಥ ಬಿಳಿ ಎರಡು ದಿನದಲ್ಲಿ ಗುಲಾಬಿಯಾಗುತ್ತದೆ. ಎಷ್ಟು ಕೈ ಬಿಳಿ ಹೊಡೆದರೂ ಅದು ನಿಲ್ಲುವುದಿಲ್ಲ, ನಡುವೆ ತಡೆ ಬೇಕು. ಪರೀಕ್ಷೆಗೆಂದು ಪ್ರೈಮರ್ ಹೊಡೆದ ಉಗುರಿನಗಲದ ಮೇಲೆ ಬಿಳಿಯನ್ನೂ ಹೊಡೆದು ಎರಡು ದಿನ ನೋಡಿದರೆ ಇದು ಮೊದಲೇ ತಿಳಿಯುತ್ತದೆ. ಕೊನೆಗೆ ಬಿಳಿ ಬರುವುದರಿಂದ ಬಿಳಿಯ ಅಥವಾ ತಿಳಿಬೂದು ಪ್ರೈಮರ್ ತೆಗೆದುಕೊಳ್ಳಿ.

ನೋಸ್ ಕೋನ್ ಮೇಲೆ ಪ್ಲಾಸ್ಟಿಕ್‌ಗೆ ಹಿಡಿಯುವ ಪ್ರೈಮರ್ ಬೇಕು. ಅದು ಮುಟ್ಟಿದರೆ ಮೇಣದಂತೆ ಜಾರುವ ಪಾಲಿಪ್ರೊಪಿಲೀನ್ ಆಗಿದ್ದರೆ ಸಾಮಾನ್ಯ ಪ್ರೈಮರ್ ಕೂಡ ನಿಲ್ಲದು, ಹಿಡಿತ ಹೆಚ್ಚಿಸುವ ವಿಶೇಷ ದ್ರವವನ್ನು ಮೊದಲು ಹೊಡೆಯಬೇಕಾಗುತ್ತದೆ.

ಹೊಡೆಯುವ ಮೊದಲು ಮುಚ್ಚಬೇಕಾದವನ್ನು ಮುಚ್ಚಿ: ಮೋಟಾರ್ ಕೂರುವ ಕೊಳವೆಯ ಬಾಯಿ, ಲಾಂಚ್ ಲಗ್‌ನ (ಹಾರಿಸುವಾಗ ಸರಳಿನ ಮೇಲೆ ಜಾರುವ ಪುಟ್ಟ ಕೊಳವೆ) ಎರಡು ತುದಿಗಳು, ನೋಸ್ ಕೋನ್‌ನ ಒಳಗೆ ಹೋಗುವ ಭುಜ, ಆ ಭುಜ ಕೂರುವ ಕೊಳವೆಯ ಒಳಮೈ. ರಾಕೆಟ್‌ನಲ್ಲಿ ಮೋಟಾರ್ ಇರಲೇಬಾರದು ಎಂದು ಬೇರೆ ಹೇಳಬೇಕಿಲ್ಲ. ಗಾಳಿ ಆಡುವ ಜಾಗ, ಹತ್ತಿರ ಬೆಂಕಿಯಿಲ್ಲ, ಮುಖಕ್ಕೆ ದ್ರಾವಕದ ಆವಿಯನ್ನು ತಡೆಯುವ ಮಾಸ್ಕ್. ಬಟ್ಟೆಯ ಮಾಸ್ಕ್ ಧೂಳನ್ನು ತಡೆಯಬಹುದು, ಆವಿಯನ್ನು ತಡೆಯುವುದಿಲ್ಲ. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ, 20ರಿಂದ 30 ಸೆಂ.ಮೀ. ದೂರದಿಂದ, ರಾಕೆಟ್‌ನ ಹೊರಗೆ ಶುರುಮಾಡಿ ಹೊರಗೇ ನಿಲ್ಲಿಸುವಂತೆ ಕೈ ಓಡಿಸಿ. ಮೊದಲ ಕೈ ಮಂಜು ಬಿದ್ದಂತಿರಲಿ. ಕೆಳಗಿನ ಕೆಂಪು ಚೆನ್ನಾಗಿ ಕಾಣುತ್ತಿರಬೇಕು. ತೆಳು ಕೈಯಲ್ಲಿ ದ್ರಾವಕ ಒಳಗಿಳಿಯುವ ಮೊದಲೇ ಆರಿಹೋಗುತ್ತದೆ, ಸುಕ್ಕಿನಿಂದ ಕಾಪಾಡುವುದು ಇದೇ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಇನ್ನೊಂದು ಕೈ ಹೊಡೆಯಿರಿ. ಮಳೆ ಹಿಡಿದ ದಿನ ಈ ಕೆಲಸಕ್ಕೆ ಇಳಿಯಬೇಡಿ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಲ್ಯಾಕರ್ ಆದರೆ ಬೂದಿ ಹಿಡಿದಂತೆ ಬೆಳ್ಳಗಾಗುತ್ತದೆ.

ಪೂರ್ತಿ ಒಣಗಿದ ಮೇಲೆ 400ರಿಂದ, ಬಳಿಕ 600ರಿಂದ ಉಜ್ಜಿ. ಇಲ್ಲಿ ಹೊಸಬರಿಗೆ ಕಷ್ಟವಾಗುವ ಸಂಗತಿಯೊಂದಿದೆ: ಹೊಡೆದ ಪ್ರೈಮರ್‌ನ ಬಹುಪಾಲನ್ನು ಉಜ್ಜಿ ತೆಗೆಯಬೇಕು. ಅದು ಉಳಿಯಬೇಕಾದದ್ದು ತಗ್ಗುಗಳಲ್ಲಿ. ಉಬ್ಬಿದ ಕಡೆ ಕೆಂಪು ಇಣುಕುತ್ತದೆ, ತಗ್ಗಿನಲ್ಲಿ ಬೂದು ನಿಲ್ಲುತ್ತದೆ. ಹಳೆಯ ಬಣ್ಣ ನಿಮಗೆ ಮೇಲ್ಮೈಯ ನಕ್ಷೆಯನ್ನೇ ಬರೆದುಕೊಡುತ್ತದೆ. ಬರೀ ಕಾಗದದ ಮೇಲೆ ಮೊದಲ ಸಲ ಬಣ್ಣ ಹೊಡೆಯುವವರಿಗೆ ಈ ಅನುಕೂಲವಿಲ್ಲ. ಉಜ್ಜಿ ಮುಗಿದ ಮೇಲೆ ಕೊನೆಯದಾಗಿ ಒಂದು ತೆಳು ಕೈ ಪ್ರೈಮರ್, ಅದಕ್ಕೆ 600ರಿಂದ ಬರೀ ಸವರುವಿಕೆ, ಅಷ್ಟೇ.

ಉಜ್ಜಿ ತೆಗೆಯಿರಿ ಎನ್ನುವುದಕ್ಕೆ ಅಂದಕ್ಕಿಂತ ದೊಡ್ಡ ಕಾರಣ ತೂಕ. 1981ರಲ್ಲಿ ಬಾಹ್ಯಾಕಾಶ ಷಟಲ್‌ನ ಮೊದಲ ಎರಡು ಯಾನಗಳಲ್ಲಿ ಹೊರಗಿನ ದೊಡ್ಡ ಇಂಧನ ಟ್ಯಾಂಕಿಗೆ ಬಿಳಿ ಬಣ್ಣ ಹೊಡೆದಿದ್ದರು. ಮೂರನೆಯ ಯಾನದಿಂದ ಬಣ್ಣವನ್ನೇ ಕೈಬಿಟ್ಟರು, ಸುಮಾರು 270 ಕೆ.ಜಿ. ಉಳಿಯಿತು. ಆಮೇಲಿನ ಟ್ಯಾಂಕುಗಳೆಲ್ಲ ಕಿತ್ತಳೆ ಬಣ್ಣದಲ್ಲಿ ಕಂಡದ್ದು ಇದರಿಂದಲೇ. ನಮ್ಮ ರಾಕೆಟ್‌ಗಳಲ್ಲಿ ತೂಕಕ್ಕಿಂತ ಅದು ಎಲ್ಲಿ ಕೂರುತ್ತದೆ ಎನ್ನುವುದು ಮುಖ್ಯ. ಒಂದು ಲೆಕ್ಕ ನೋಡಿ. ರಾಕೆಟ್ 60 ಗ್ರಾಂ, ಅದರ ಗುರುತ್ವ ಕೇಂದ್ರ ಮೂತಿಯಿಂದ 30 ಸೆಂ.ಮೀ. ದೂರದಲ್ಲಿದೆ ಎಂದುಕೊಳ್ಳಿ. ಮೂತಿಯಿಂದ 45 ಸೆಂ.ಮೀ. ದೂರದ ರೆಕ್ಕೆಗಳ ಮೇಲೆ ಪುಟ್ಟಿ, ಪ್ರೈಮರ್, ಬಣ್ಣ ಸೇರಿ 6 ಗ್ರಾಂ ಕೂತರೆ ಗುರುತ್ವ ಕೇಂದ್ರ 31.4 ಸೆಂ.ಮೀ.ಗೆ ಸರಿಯುತ್ತದೆ. ಕೊಳವೆಯ ವ್ಯಾಸ 2.5 ಸೆಂ.ಮೀ. ಆಗಿದ್ದರೆ ಅದು ಅರ್ಧ ವ್ಯಾಸಕ್ಕಿಂತ ಹೆಚ್ಚು. ರಾಕೆಟ್ ನೇರವಾಗಿ ಹಾರಬೇಕಾದರೆ ಗುರುತ್ವ ಕೇಂದ್ರ, ಒತ್ತಡ ಕೇಂದ್ರಕ್ಕಿಂತ (ಗಾಳಿಯ ಬಲವೆಲ್ಲ ಕೂಡಿ ತಾಗುವ ಬಿಂದು) ಕನಿಷ್ಠ ಒಂದು ವ್ಯಾಸದಷ್ಟು ಮುಂದಿರಬೇಕು ಎಂಬುದು ನಮ್ಮ ಹವ್ಯಾಸದ ರೂಢಿಯ ನಿಯಮ. ಆ ಒಂದರಲ್ಲಿ ಅರ್ಧವನ್ನು ಬಣ್ಣವೇ ತಿಂದಂತಾಯಿತು! ಅದಕ್ಕೇ ಕೆಲಸಕ್ಕೆ ಮೊದಲೇ ಮೋಟಾರ್ ಹಾಕುವಷ್ಟು ತೂಕದ ಯಾವುದನ್ನಾದರೂ ಒಳಗಿಟ್ಟು, ರಾಕೆಟ್ಟನ್ನು ದಾರದಲ್ಲಿ ತೂಗಿಸಿ, ಸಮತೋಲದ ಜಾಗ ಗುರುತು ಮಾಡಿಕೊಳ್ಳಿ, ತೂಕ ಬರೆದಿಡಿ. ಮುಗಿದ ಮೇಲೆ ಮತ್ತೆ ನೋಡಿ. ಸರಿದಿದ್ದರೆ ನೋಸ್ ಕೋನ್ ಒಳಗೆ ಸ್ವಲ್ಪ ಜೇಡಿಮಣ್ಣಿನ ಭಾರ ಸೇರಿಸಿ, ಒಟ್ಟು ತೂಕ ನಿಮ್ಮ ಮೋಟಾರ್‌ಗೆ ಹೇಳಿದ ಮಿತಿಯೊಳಗಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಎಷ್ಟು ಎಚ್ಚರಿಕೆ ವಹಿಸಿದರೂ ಸುಕ್ಕು ಬಂತೇ? ಆ ಕ್ಷಣದಲ್ಲಿ ಒರೆಸಲು ಹೋಗಬೇಡಿ. ವಾರವೊಂದು ಮುಟ್ಟದೆ ಬಿಡಿ, ವಾಸನೆ ಹೋಗಲಿ, ಗಟ್ಟಿಯಾಗಲಿ. ಬಳಿಕ ಸುಕ್ಕನ್ನು 220, 320ರಿಂದ ಸಮ ಮಾಡಿ, ಅರಗಿನ ಸೀಲರ್ ಹೊಡೆದು, ನೀರಿನ ಪ್ರೈಮರ್‌ನಿಂದ ಮುಂದುವರಿಸಿ.

ಬಿಳಿ, ಕಪ್ಪು ನಿಮ್ಮ ಆಯ್ಕೆ ನನಗೆ ಬಹಳ ಇಷ್ಟವಾಯಿತು. ದೊಡ್ಡ ರಾಕೆಟ್‌ಗಳ ಮೈಮೇಲೆ ಆ ಪಟ್ಟೆಗಳು ಬಂದದ್ದು, ಹಾರುವಾಗ ರಾಕೆಟ್ ತನ್ನ ಸುತ್ತ ಎಷ್ಟು ತಿರುಗುತ್ತಿದೆ ಎಂಬುದು ಕ್ಯಾಮೆರಾಗಳಿಗೆ ಕಾಣಲೆಂದು. ಮೊದಲು ಬಿಳಿಯನ್ನು ಇಡೀ ಮೈಗೆ ಹೊಡೆದು, ಉಗುರು ಒತ್ತಿದರೆ ಗುರುತು ಬೀಳದಷ್ಟು ಒಣಗಿಸಿ, ಆಮೇಲೆ ಅಂಟುಪಟ್ಟಿ ಹಚ್ಚಿ ಕಪ್ಪು ಹೊಡೆಯಿರಿ. ಪಟ್ಟಿಯ ಅಂಚಿಗೆ ಮೊದಲು ಒಂದು ತೆಳು ಕೈ ಬಿಳಿ ಹೊಡೆದರೆ ಸಂದುಗಳಲ್ಲಿ ಬಿಳಿಯೇ ತುಂಬಿಕೊಂಡು ಕಪ್ಪು ಒಳಗೆ ಹರಿಯುವುದಿಲ್ಲ.

ಹಾರಿಸುವ ಮುನ್ನ ಇನ್ನೊಂದು ಪರೀಕ್ಷೆ. ಲಾಂಚ್ ಲಗ್‌ನಲ್ಲಿ ಸರಳು ತೂರಿಸಿ ನೋಡಿ, ಎಲ್ಲೂ ತಡೆಯಬಾರದು. ನೋಸ್ ಕೋನ್ ಸಿಕ್ಕಿಸಿ ರಾಕೆಟ್ಟನ್ನು ತಲೆಕೆಳಗು ಮಾಡಿ. ಕೋನ್ ತಾನಾಗಿ ಬೀಳಬಾರದು, ಮೆಲ್ಲನೆ ಒಮ್ಮೆ ಅಲ್ಲಾಡಿಸಿದರೆ ಜಾರಿ ಬರಬೇಕು. ಬರದಿದ್ದರೆ ಭುಜದ ಮೇಲೆ ಬಣ್ಣ ಕೂತಿದೆ ಎಂದರ್ಥ. 400ರ ಕಾಗದದಿಂದ ಅದನ್ನು ಸವರಿ ಸರಿಮಾಡಿಕೊಳ್ಳುವವರೆಗೆ ಹಾರಿಸಬೇಡಿ. ಅಲ್ಲಿ ಬಿಗಿಯಾದರೆ ಪ್ಯಾರಾಚೂಟ್ ಹೊರಗೆ ಬರುವುದಿಲ್ಲ.